ಓದಿಕೊಂಡು ಹೋಗಬಾರದ ಪರೀಕ್ಷೆ

ಪರೀಕ್ಷೆ ಅಂದರೆ ಸಾಕು, ಹಿಂದಿನ ರಾತ್ರಿ ಕೂತು ತಯಾರಿ ಮಾಡುವುದು ನಮ್ಮ ರಕ್ತಗುಣ. ಹಾಗಾಗಿ ರಕ್ತಪರೀಕ್ಷೆಯನ್ನೂ ನಾವು ಬಿಟ್ಟಿಲ್ಲ. ಸೋಮವಾರ ಶುಗರ್ ಟೆಸ್ಟ್ ಎಂದರೆ ಶುಕ್ರವಾರವೇ ವ್ರತ ಶುರು. ಕಾಫಿಗೆ ಸಕ್ಕರೆಯಿಲ್ಲ, ಅನ್ನದ ಮುಖ ನೋಡುವುದಿಲ್ಲ, ಸಂಜೆ ಪಾರ್ಕಿನಲ್ಲಿ ನಾಲ್ಕು ಸುತ್ತು. ಖಾಲಿ ಹೊಟ್ಟೆಯ ರಕ್ತ ಕೊಟ್ಟ ಮರುಗಳಿಗೆ ಎದುರಿನ ಹೋಟೆಲಿನಲ್ಲಿ ಮಸಾಲೆದೋಸೆ, ಜೊತೆಗೆ ಕೇಸರಿಬಾತು. ಯಾಕೆಂದು ಕೇಳಿ ನೋಡಿ: “ತಿಂಡಿಯಾದ ಎರಡು ಗಂಟೆಗೆ ಮತ್ತೆ ರಕ್ತ ಕೊಡಬೇಕಲ್ಲ ಸ್ವಾಮಿ!”

ಹಿಂದಿನ ಕಾಲದಲ್ಲಿ ಈ ಜಾಣತನ ನಡೆಯುತ್ತಿರಲಿಲ್ಲ. ಆಗ ಲ್ಯಾಬ್ ಟೆಕ್ನಿಷಿಯನ್ ಕೆಲಸ ಇರುವೆಗಳದು. ಮೂತ್ರಕ್ಕೆ ಇರುವೆ ಮುತ್ತಿದರೆ ಮಧುಮೇಹ ಎಂದು ಚರಕಸಂಹಿತೆಯ ಕಾಲದವರು ಗುರುತಿಸಿದ್ದರು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಥಾಮಸ್ ವಿಲ್ಲಿಸ್ ಎಂಬ ವೈದ್ಯ ಮೂತ್ರದ ರುಚಿ ಜೇನಿನಂತೆ ಸಿಹಿ ಎಂದು ಬರೆದಿಟ್ಟ. ಇವತ್ತಿನ ಡಾಕ್ಟರ ಫೀಸು ಜಾಸ್ತಿಯಾಯಿತು ಎನ್ನುವವರು ಆ ಪುಣ್ಯಾತ್ಮನನ್ನು ಒಮ್ಮೆ ನೆನೆಯಬೇಕು. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಇಂಗಿಸಿ, ತಳದಲ್ಲಿ ಉಳಿದದ್ದು ಸಕ್ಕರೆಯೇ ಎಂದು ತೋರಿಸಿದ ಮೇಲೆ ನಾಲಿಗೆಗೆ ಬಿಡುವು ಸಿಕ್ಕಿತು. ಆಮೇಲೆ ಬಂದದ್ದು ಬೆನೆಡಿಕ್ಟ್ ದ್ರಾವಣ. ಮೂತ್ರ ಬೆರೆಸಿ ಕಾಯಿಸಿದರೆ, ಸಕ್ಕರೆ ಹೆಚ್ಚಿದಂತೆಲ್ಲ ನೀಲಿಯಿಂದ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು.

ಆದರೆ ಇರುವೆ ಬರುವುದು ತಡ. ರಕ್ತದಲ್ಲಿ ಗ್ಲೂಕೋಸ್ ಸುಮಾರು 180 (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ದಾಟುವವರೆಗೆ ಮೂತ್ರಪಿಂಡ ಸಕ್ಕರೆಯನ್ನು ಹೊರಗೆ ಬಿಡುವುದೇ ಇಲ್ಲ. ಅದಕ್ಕೇ ಈಗ ರಕ್ತವನ್ನೇ ನೋಡುತ್ತಾರೆ. ಎಂಟು ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. 100ರಿಂದ 125ರವರೆಗೆ ಇದ್ದರೆ ಬಾಗಿಲಲ್ಲಿ ನಿಂತಿದೆ ಎಂದರ್ಥ. ಈ ಗೆರೆ ಮೊದಲು 140ರಲ್ಲಿತ್ತು. ಅದಕ್ಕಿಂತ ಕೆಳಗೇ ಕಣ್ಣಿನ ಅಕ್ಷಿಪಟಲ ಕೆಡಲು ಶುರುವಾಗುತ್ತದೆಂದು ಕಂಡುಬಂದು, 1997ರಲ್ಲಿ ಅಮೆರಿಕದ ತಜ್ಞರು ಅದನ್ನು ಇಳಿಸಿದರು. ಒಂದೇ ಒಂದು ಹೋಳಿಗೆ ಹೆಚ್ಚಿಗೆ ತಿನ್ನದೆ ಎಷ್ಟೋ ಜನ ರಾತ್ರೋರಾತ್ರಿ ಸಕ್ಕರೆ ಕಾಯಿಲೆಯವರಾದರು!

ಇನ್ನು ಆ ದೋಸೆಯ ವಿಚಾರ. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವಾಗ ದೋಸೆಗೆ ಮಾನ್ಯತೆಯಿಲ್ಲ. 75 ಗ್ರಾಂ ಗ್ಲೂಕೋಸ್ ಕದಡಿದ ನೀರು ಕುಡಿಸಿ, ಎರಡು ಗಂಟೆಯ ನಂತರ 200 ಮುಟ್ಟಿತೇ ಎಂದು ನೋಡುತ್ತಾರೆ. ಇಲ್ಲೊಂದು ತಮಾಷೆಯಿದೆ. ಈ ಪರೀಕ್ಷೆಗೆ ಮುಂಚಿನ ಮೂರು ದಿನ ಎಂದಿನಂತೆ ಉಣ್ಣಬೇಕೆಂಬುದು ನಿಯಮ. ಅನ್ನ ಬಿಟ್ಟು ಕೂತ ದೇಹ ಒಮ್ಮೆಲೇ ಬಂದ ಗ್ಲೂಕೋಸನ್ನು ಸಂಭಾಳಿಸಲಾರದೆ ತಡವರಿಸುತ್ತದೆ. ವ್ರತ ಹಿಡಿದವನಿಗೇ ಸಕ್ಕರೆ ಹೆಚ್ಚು ಬಂದೀತು.

ಕೊನೆಗೂ ಕಳ್ಳನನ್ನು ಹಿಡಿಯುವುದು ನಾವು ‘ಮೂರು ತಿಂಗಳ ಶುಗರ್’ ಎನ್ನುವ ಎಚ್‌ಬಿಎ1ಸಿ. ರಕ್ತದ ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟೂ ದಿನದ ಜಾಮೂನು, ಮೈಸೂರ್‌ಪಾಕುಗಳ ಲೆಕ್ಕ ಅಲ್ಲಿರುತ್ತದೆ. ಶೇಕಡಾ 6.5 ಮುಟ್ಟಿದರೆ ಮಧುಮೇಹ. ಮೂರು ದಿನದ ಉಪವಾಸಕ್ಕೆ ಅದು ಜಗ್ಗುವುದಿಲ್ಲ. ಹಾಗೆಂದು ಅದೂ ಸತ್ಯಹರಿಶ್ಚಂದ್ರನಲ್ಲ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಹೆಚ್ಚು ತೋರಿಸಬಹುದು. ಆದ್ದರಿಂದಲೇ ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಮುಂತಾದ ಲಕ್ಷಣಗಳಿಲ್ಲದವರಿಗೆ ಒಂದೇ ಅಂಕಿ ನೋಡಿ ಒಳ್ಳೆಯ ವೈದ್ಯರು ಹಣೆಪಟ್ಟಿ ಅಂಟಿಸುವುದಿಲ್ಲ. ಇನ್ನೊಂದು ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳುತ್ತಾರೆ.

ಇಷ್ಟೆಲ್ಲ ಯಂತ್ರಗಳಿದ್ದರೂ ಮೊದಲ ಸುಳಿವು ಟೇಪಿನಲ್ಲೇ ಸಿಗುತ್ತದೆ. ಚೆನ್ನೈನ ಡಾ. ವಿ. ಮೋಹನ್ ಅವರ ತಂಡ ಭಾರತೀಯರಿಗೆಂದೇ ರೂಪಿಸಿದ ಅಂಕಪಟ್ಟಿಯಲ್ಲಿ ಕೇಳುವುದು ನಾಲ್ಕೇ: ವಯಸ್ಸು, ಸೊಂಟದ ಸುತ್ತಳತೆ, ಮೈಬಗ್ಗಿಸಿ ದುಡಿಯುತ್ತೀರಾ, ಅಪ್ಪ ಅಮ್ಮನಿಗೆ ಇತ್ತೇ. ನೂರಕ್ಕೆ ಅರವತ್ತು ಬಂದರೆ ಶಾಲೆಯಲ್ಲಿ ಫಸ್ಟ್ ಕ್ಲಾಸ್. ಇಲ್ಲಿ ಅಪಾಯದ ಗೆರೆ. ಮೂವತ್ತು ದಾಟಿದವರ ಸೊಂಟ ಅಳೆದು ವಿಚಾರಿಸಲು ಆಶಾ ಕಾರ್ಯಕರ್ತೆ ಮನೆಗೇ ಬಂದರೆ ಉಸಿರು ಎಳೆದು ಹೊಟ್ಟೆ ಒಳಗೆ ಮಾಡಿಕೊಳ್ಳಬೇಡಿ. ಲ್ಯಾಬಿಗೆ ಹೋಗುವ ಮುನ್ನ ದಿನವೂ ಉಣ್ಣುವುದನ್ನೇ ಉಣ್ಣಿ. ಇಲ್ಲಿ ನಕಲು ಹೊಡೆದು ಪಾಸಾದವರಿಗೆ ಸಿಗುವುದು ತಡವಾದ ಚಿಕಿತ್ಸೆ ಮಾತ್ರ.