ಬೇರಿಗೊಂದು ಕಲ್ಲು

ಕಲ್ಲನ್ನು ಆರಿಸುವುದೂ ಒಂದು ವಿದ್ಯೆಯೆಂಬುದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ನಾನು ಕಲ್ಲು ಆರಿಸಿದ್ದುಂಟಾದರೆ ಅದು ಅಕ್ಕಿಯಲ್ಲಿ ಮಾತ್ರ. ಅದೂ ಕನ್ನಡಕ ಸುಲಭವಾಗಿ ಕೈಗೆ ಸಿಕ್ಕಿದ ದಿನಗಳಲ್ಲಿ. ಅಕ್ಕಿಯ ಕಲ್ಲನ್ನು ನಾವು ಎಸೆಯುವುದಕ್ಕಾಗಿ ಆರಿಸುತ್ತೇವೆ. ಇಟ್ಟುಕೊಳ್ಳುವುದಕ್ಕಾಗಿ ಕಲ್ಲನ್ನು ಆರಿಸಲು ಹೊರಟಾಗಲೇ ಆ ಕೆಲಸದ ಕಷ್ಟ ಗೊತ್ತಾದದ್ದು.

ನಾನು ನಿವೃತ್ತನಾದ ವರ್ಷ ಜನವರಿಯಲ್ಲಿ ಬೆಂಗಳೂರಿಗೆ ಹೋಗಿದ್ದೆ. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆದಿತ್ತು. ಗಾಜಿನ ಮನೆಯಲ್ಲಿ ಹೂವಿನ ರಾಶಿಗಿಂತ ಜನರ ರಾಶಿಯೇ ದೊಡ್ಡದಾಗಿತ್ತು. ನೂಕುನುಗ್ಗಲಿಗೆ ಹೆದರಿ ಹೊರಗೆ ಬಂದು ಒಂದು ಮೂಲೆಗೆ ಸರಿದಾಗ ಆ ಮರ ಕಣ್ಣಿಗೆ ಬಿತ್ತು. ಮರವೆನ್ನಲೇ, ಗಿಡವೆನ್ನಲೇ? ಎತ್ತರ ಒಂದು ಮೊಳವಿದ್ದೀತು. ತಟ್ಟೆಯಂತೆ ಅಗಲವಾದ ಕುಂಡದ ಮಧ್ಯದಲ್ಲಿ ತೆಂಗಿನಕಾಯಿ ಗಾತ್ರದ ಒಂದು ಕರಿಯ ಕಲ್ಲು. ಕಲ್ಲಿನ ನೆತ್ತಿಯ ಮೇಲೆ ಮರ. ಅದರ ಬೇರುಗಳು ಹದ್ದಿನ ಉಗುರುಗಳಂತೆ ಕಲ್ಲನ್ನು ಬಿಗಿಯಾಗಿ ಹಿಡಿದು ಕೆಳಗಿನ ಮಣ್ಣಿಗೆ ಇಳಿದಿದ್ದುವು. ಬೆಟ್ಟದ ಬಂಡೆಯ ಮೇಲೆ ನೂರು ವರ್ಷ ಗಾಳಿಮಳೆಗೆ ಮೈಯೊಡ್ಡಿ ನಿಂತ ಮರವನ್ನು ಯಾರೋ ಅಂಗೈಯಲ್ಲಿ ಎತ್ತಿ ತಂದಂತಿತ್ತು.

ಬೋನ್ಸಾಯ್ ಎಂಬ ಮಾತನ್ನು ನೀವು ಕೇಳಿರಬಹುದು. ತಟ್ಟೆಯಲ್ಲಿ ನೆಟ್ಟದ್ದು ಎಂದು ಅದರ ಅರ್ಥ. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಕಲೆ ಅದು. ಬೇರು ಕಲ್ಲನ್ನು ಅಪ್ಪಿಕೊಂಡು ಮಣ್ಣಿಗಿಳಿಯುವ ಈ ಬಗೆಗೆ ಜಪಾನೀಯರು ‘ಸೆಕಿಜೋಜು’ ಎನ್ನುತ್ತಾರೆ. ಕಲ್ಲಿನ ಮೇಲಿನ ಮರವೆಂದು ಅದರ ಭಾವ. ಅವರು ಇದಕ್ಕೆ ಮೂರು ಮೊನೆಯ ಎಲೆಯುಳ್ಳ ಒಂದು ಜಾತಿಯ ಮೇಪಲ್ ಮರವನ್ನು ಹೆಚ್ಚಾಗಿ ಬಳಸುತ್ತಾರೆ. ನಮಗೆ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಆಲ, ಅರಳಿ, ಬಸರಿ, ಗೋಣಿ ಇವೆಲ್ಲ ಹುಟ್ಟಾ ಕಲ್ಲನ್ನು ಹಿಡಿಯುವ ಜಾತಿಯವು. ಹಕ್ಕಿ ಹಣ್ಣು ತಿಂದು ಕೋಟೆಯ ಗೋಡೆಯ ಮೇಲೋ ಗುಡಿಯ ಗೋಪುರದ ಮೇಲೋ ಹಿಕ್ಕೆ ಹಾಕುತ್ತದೆ; ಅಲ್ಲಿಯೇ ಬೀಜ ಮೊಳೆಯುತ್ತದೆ; ಬೇರು ಮಣ್ಣನ್ನು ಹುಡುಕಿಕೊಂಡು ಸಂದಿಗೊಂದಿಗಳಲ್ಲಿ ಇಳಿಯುತ್ತದೆ. ಮನುಷ್ಯ ಮಾಡುವುದು ಈ ಹಕ್ಕಿಯ ಕೆಲಸವನ್ನೇ. ಹಕ್ಕಿಗೆ ಕಲ್ಲನ್ನು ಆರಿಸುವ ಚಿಂತೆ ಇಲ್ಲ, ಮನುಷ್ಯನಿಗೆ ಉಂಟು, ಅಷ್ಟೇ ವ್ಯತ್ಯಾಸ.

ನನ್ನ ಮಿತ್ರರೊಬ್ಬರಿಗೆ ಈ ಕಲೆಯೇ ಹಿಡಿಸದು. “ಆಕಾಶಕ್ಕೆ ಬೆಳೆಯುವ ಮರವನ್ನು ತಟ್ಟೆಯಲ್ಲಿ ಕೂರಿಸುವುದು ಪಾಪ” ಎನ್ನುತ್ತಾರೆ. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿದ ನನಗೆ ಆ ಆಕ್ಷೇಪಣೆಯನ್ನು ನಗುತ್ತ ತಳ್ಳಿಹಾಕುವ ಧೈರ್ಯವಿಲ್ಲ. ಆದರೆ ಬೋನ್ಸಾಯ್ ಮರವನ್ನು ಉಪವಾಸ ಕೆಡವಿ ಕುಳ್ಳಾಗಿಸುತ್ತಾರೆಂಬುದು ತಪ್ಪು ತಿಳಿವಳಿಕೆ. ಬೇರನ್ನೂ ರೆಂಬೆಯನ್ನೂ ಕಾಲಕಾಲಕ್ಕೆ ಕತ್ತರಿಸಿ, ನೀರು ಗೊಬ್ಬರಗಳನ್ನು ತಪ್ಪದೆ ಕೊಟ್ಟು ಕಾಪಾಡಿದರೆ ಅದು ಮನುಷ್ಯನ ಹಲವು ತಲೆಮಾರುಗಳನ್ನು ಕಾಣುತ್ತದೆ. 1625ರಿಂದ ಕುಂಡದಲ್ಲಿ ಬೆಳೆದುಬಂದ ಒಂದು ಬಿಳಿ ಪೈನ್ ಮರ 1945ರಲ್ಲಿ ಹಿರೋಷಿಮಾದ ಅಣುಬಾಂಬನ್ನೂ ತಾಳಿ ಬದುಕಿತು. 1976ರಲ್ಲಿ ಜಪಾನೀಯರು ಅದನ್ನು ಅಮೆರಿಕಕ್ಕೆ ಕಾಣಿಕೆಯಾಗಿ ಕೊಟ್ಟರು.

ಇರಲಿ. ಊರಿಗೆ ಬಂದವನೇ ನಾನೂ ಒಂದು ಮರವನ್ನು ಕಲ್ಲೇರಿಸಬೇಕೆಂದು ಹೊರಟೆ. ಗಿಡವೇನೋ ಸುಲಭವಾಗಿ ದೊರೆಯಿತು. ನಮ್ಮ ಮನೆಯ ಮಾಳಿಗೆಯ ಬಿರುಕಿನಲ್ಲಿ ಒಂದು ಬಸರಿಯ ಸಸಿ ಎದ್ದಿತ್ತು. ಬೇರು ಹರಿಯದಂತೆ ಬಿಡಿಸಿ, ಆಳವಾದ ಕುಂಡದಲ್ಲಿಟ್ಟು ಬೇರು ಉದ್ದವಾಗಲೆಂದು ಒಂದು ವರ್ಷ ಸಾಕಿದೆ. ಕಲ್ಲಿನ ವಿಷಯದಲ್ಲಿ ನನಗೆ ಸಂದೇಹವೇ ಇರಲಿಲ್ಲ. ಹಿಂದೊಮ್ಮೆ ತೀರ್ಥಹಳ್ಳಿಯ ಬಳಿ ತುಂಗೆಯ ದಡದಿಂದ ಒಂದು ಗುಂಡುಕಲ್ಲನ್ನು ತಂದಿದ್ದೆ. ಸಾವಿರಾರು ವರ್ಷ ಹೊಳೆ ತಿಕ್ಕಿ ತೊಳೆದ ಕಲ್ಲು. ಮೊಟ್ಟೆಯಂಥ ಆಕಾರ, ಕನ್ನಡಿಯಂಥ ನುಣುಪು. ಮೇಜಿನ ಮೇಲೆ ಕಾಗದ ಹಾರದಂತೆ ಇಡುತ್ತಿದ್ದೆ. ಇದಕ್ಕಿಂತ ಚೆಲುವಾದ ಕಲ್ಲು ಎಲ್ಲಿ ದೊರೆತೀತು?

ಬೇರುಗಳ ಮಣ್ಣನ್ನು ತೊಳೆದು, ಅವನ್ನು ಕಲ್ಲಿನ ಮೇಲೆ ಹರಡಿ, ಜೇಡಿಮಣ್ಣು ಮೆತ್ತಿ, ಸೆಣಬಿನ ದಾರದಿಂದ ಸುತ್ತಿದೆ. ಲೋಹದ ತಂತಿ ಕೂಡದು. ಬೇರು ದಪ್ಪವಾದಂತೆ ಅದನ್ನೇ ಕೊರೆಯುತ್ತದೆ. ಅನಂತರ ಕಲ್ಲು ಸಮೇತ ಎಲ್ಲವನ್ನೂ ಆಳವಾದ ಕುಂಡದಲ್ಲಿ ಹೂತಿಟ್ಟೆ. ಕತ್ತಲೆಯಲ್ಲಿ, ತೇವದಲ್ಲಿ ಬೇರು ಕಲ್ಲಿಗೆ ಕೂಡಿಕೊಳ್ಳಬೇಕು. ಆಮೇಲೆ ಮೇಲಿನಿಂದ ಸ್ವಲ್ಪಸ್ವಲ್ಪವಾಗಿ ಮಣ್ಣನ್ನು ಸರಿಸುತ್ತ ಬೇರನ್ನು ಬೆಳಕಿಗೆ ರೂಢಿಮಾಡಬೇಕು. ಎರಡು ವರ್ಷ ಕಾದೆ. ಒಂದು ಭಾನುವಾರ ಮನೆಯವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ಪುಸ್ತಕ ಬಿಡುಗಡೆ ಮಾಡುವವರ ಗತ್ತಿನಲ್ಲಿ ದಾರವನ್ನು ಬಿಚ್ಚಿದೆ. ಗಿಡವನ್ನು ಎತ್ತಿದೊಡನೆ, ಹಣ್ಣಡಿಕೆ ಸಿಪ್ಪೆಯಿಂದ ಜಾರುವಂತೆ, ಕಲ್ಲು ಬೇರುಗಳ ನಡುವಿನಿಂದ ಜಾರಿ ನೆಲಕ್ಕೆ ಬಿತ್ತು. ಬೇರುಗಳು ಅದರ ನುಣುಪಿನ ಮೇಲೆ ಎಲ್ಲೂ ನಿಲ್ಲದೆ, ಕಿರಿದಾದ ಬುಡದ ಕಡೆಗೆ ಜಾರಿ ಅಲ್ಲಿ ಗಂಟುಕಟ್ಟಿಕೊಂಡಿದ್ದುವು. ನನ್ನ ಮೊಮ್ಮಗಳು ಮಾತ್ರ ಚಪ್ಪಾಳೆ ತಟ್ಟಿದಳು. ಹೀಗೆಯೇ ಆಗಬೇಕಾಗಿತ್ತೆಂದು ಅವಳು ತಿಳಿದಿದ್ದಳು.

ಆ ಮೇಲೆ ಕಲ್ಲಿನ ಬಗ್ಗೆ ಓದತೊಡಗಿದೆ. ಚೀನಾದಲ್ಲಿ ಹನ್ನೊಂದನೆಯ ಶತಮಾನದಲ್ಲಿ ಮೀ ಫು ಎಂಬ ಕಲಾವಿದನಿದ್ದನು. ಅಧಿಕಾರಿಯಾಗಿದ್ದ ಅವನು ಒಂದು ವಿಚಿತ್ರವಾದ ಬಂಡೆಯನ್ನು ಕಂಡು, ಹಿರಿಯರಿಗೆ ಬಾಗುವಂತೆ ಅದಕ್ಕೆ ಬಾಗಿ ನಮಸ್ಕರಿಸಿದನೆಂದು ಕಥೆಯಿದೆ. ಒಳ್ಳೆಯ ಕಲ್ಲು ಸೊರಗಿರಬೇಕು, ಸುಕ್ಕುಗಟ್ಟಿರಬೇಕು, ಅದರಲ್ಲಿ ತೂತುಗಳಿರಬೇಕು ಎಂಬ ಲಕ್ಷಣಗಳನ್ನು ಅವನ ಹೆಸರಿನಲ್ಲಿಯೇ ಹೇಳುತ್ತಾರೆ. ನಾನಾದರೋ ಕೊಬ್ಬಿದ, ನುಣ್ಣನೆಯ ಕಲ್ಲಿಗೆ ಮರುಳಾಗಿದ್ದೆ! ಸುಣ್ಣಕಲ್ಲಿನ ವಿಚಾರವನ್ನೂ ತಿಳಿದೆ. ಶಹಾಬಾದ್ ಕಲ್ಲಿನಂಥ ಸುಣ್ಣಕಲ್ಲನ್ನು ಕೆರೆದು ಆ ಪುಡಿಯ ಮೇಲೆ ನಿಂಬೆಹಣ್ಣಿನ ರಸ ಹಿಂಡಿದರೆ ಸಣ್ಣಗೆ ನೊರೆಯೇಳುತ್ತದೆ. ಗಾರೆಯ ಗೋಡೆಯಲ್ಲಿ ಬೆಳೆಯುವ ಅರಳಿ ಬಸರಿಗಳು ಸುಣ್ಣಕ್ಕೆ ಹೆದರುವುದಿಲ್ಲ. ಆದರೆ ಸುಣ್ಣ ಹೆಚ್ಚಾದರೆ ಹಲವು ಗಿಡಗಳಿಗೆ ಮಣ್ಣಿನ ಕಬ್ಬಿಣ ದಕ್ಕದೆ ಎಲೆ ಹಳದಿಯಾಗುತ್ತದೆ. ಬಳಪದ ಕಲ್ಲು ಶಿಲ್ಪಿಯ ಉಳಿಗೆ ಒಲಿಯುವಷ್ಟು ಮೃದು. ಬೇಲೂರು ಹಳೇಬೀಡುಗಳಿಗೆ ಅದು ಒಪ್ಪಿತು, ನನ್ನ ಕುಂಡಕ್ಕೆ ಒಪ್ಪಲಿಲ್ಲ. ಸಮುದ್ರದ ದಡದ ಕಲ್ಲಿನಲ್ಲಿ ಉಪ್ಪು ಕುಳಿತಿರುತ್ತದೆ. ಬಹುಕಾಲ ನೀರು ಬದಲಿಸಿ ನೆನೆಸಿಡಬೇಕು.

ಓದಿದ್ದು ಇಷ್ಟಾದರೂ ಕಲ್ಲು ಸಿಕ್ಕಲಿಲ್ಲ. ಹಂಪಿಯಲ್ಲಿ ಒಮ್ಮೆ ಆಸೆಯಾಯಿತು. ಆದರೆ ಎಲ್ಲರೂ ಒಂದೊಂದು ಕಲ್ಲು ಎತ್ತಿಕೊಂಡು ಹೊರಟರೆ ಹಂಪಿ ಎಲ್ಲಿ ಉಳಿದೀತು? ಕೈ ಮುಗಿದು ಬಂದೆ. ಕೊನೆಗೆ ಒಬ್ಬರ ಮಾತು ಕೇಳಿ ತುಮಕೂರಿನ ಆಚೆ ರಸ್ತೆಯ ಬದಿಯಲ್ಲಿ ಕಲ್ಲು ಕಡೆಯುವವರ ಬಳಿಗೆ ಹೋದೆ. ಒರಳು, ರುಬ್ಬುಗುಂಡು, ಬೇಲಿಗೆ ಹೂಳುವ ಕಲ್ಲುಕಂಬಗಳು ಸಾಲಾಗಿದ್ದುವು. ಚಪ್ಪರದ ಕೆಳಗೆ ಕುಳಿತಿದ್ದ ನಲವತ್ತರ ಆಸುಪಾಸಿನ ಒಬ್ಬಾತ ಸುತ್ತಿಗೆಯನ್ನು ಕೆಳಗಿಟ್ಟು ಎದ್ದು ನಿಂತನು.

“ಮೇಷ್ಟ್ರೇ, ನೀವು ಇಲ್ಲಿ?”

ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಹತ್ತಿದೊಡನೆ ಮುಖ ತಗ್ಗಿಸುವಂತಾಯಿತು. ಎಂಟನೆಯ ತರಗತಿಯಲ್ಲಿ ಅವನು ನನ್ನ ವಿದ್ಯಾರ್ಥಿ. ಒಂದು ದಿನ ಸಂಧಿಯ ಸೂತ್ರವನ್ನು ಕೇಳಿದೆ. ಅವನು ಎದ್ದು ಸುಮ್ಮನೆ ನಿಂತನು. ಎರಡು ಸಲ ಕೇಳಿದೆ. ಮೂರನೆಯ ಸಲ, “ನಿನ್ನ ತಲೆಗೂ ಬಂಡೆಗಲ್ಲಿಗೂ ಏನು ವ್ಯತ್ಯಾಸವೋ?” ಎಂದುಬಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು. ಆ ನಗುವಿನಿಂದ ನನಗೆ ಸಂತೋಷವೇ ಆಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಮುಂದಿನ ವಾರದಿಂದ ಅವನು ಶಾಲೆಗೆ ಬರಲಿಲ್ಲ. ತಂದೆಯ ಜೊತೆ ಕಲ್ಲು ಒಡೆಯಲು ಹೋದನೆಂದು ಹುಡುಗರು ಹೇಳಿದರು. ಮನೆಯಲ್ಲಿ ಬಡತನವಿತ್ತು, ಅದೇ ಕಾರಣವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ನಾನು ಬಂದ ಕೆಲಸವನ್ನು ತಿಳಿಸಿದೆ. ಅವನು ನಗಲಿಲ್ಲ. ಹೊಳೆಯ ಕಲ್ಲು ಜಾರಿದ ಕಥೆಯನ್ನು ಗಮನವಿಟ್ಟು ಕೇಳಿ, “ಹೊಳೆ ಕಲ್ಲು ನೀರನ್ನೇ ಹಿಡಿಯೋದಿಲ್ಲ, ಬೇರನ್ನ ಎಲ್ಲಿ ಹಿಡಿದೀತು?” ಎಂದನು. ಪಕ್ಕದ ರಾಶಿಯಲ್ಲಿದ್ದ ಬೂದುಬಣ್ಣದ ಒಂದು ಕಲ್ಲು ನನಗೆ ಒಪ್ಪಿಗೆಯಾಯಿತು. ಅವನು ಸಣ್ಣ ಸುತ್ತಿಗೆಯಿಂದ ಅದನ್ನು ತಟ್ಟಿ ಕಿವಿಗೊಟ್ಟು, “ಬೇಡಿ, ಒಳಗೆ ಸೀಳಿದೆ” ಎಂದನು. ಬೇರೊಂದನ್ನು ತಟ್ಟಿದನು, ಅದು ಗಂಟೆಯಂತೆ ಕಣಿಲೆಂದಿತು. ಶಿಲ್ಪಶಾಸ್ತ್ರದಲ್ಲಿ ನಾದದಿಂದ ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆಗಳೆಂದು ಗುರುತಿಸುವ ಮಾತನ್ನು ಎಂ.ಎ. ತರಗತಿಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆ ನಾದವನ್ನು ಕಿವಿಯಾರೆ ಕೇಳಿದ್ದು ಅಂದೇ ಮೊದಲು.

“ಇದಕ್ಕೆ ಬೇರು ಇಳಿಯುವಂತೆ ನಾಲ್ಕು ಗೀರು ಹೊಡೆದುಕೊಡುತ್ತೀಯಾ?” ಎಂದು ಕೇಳಿದೆ.

“ಉಳಿ ಬಿದ್ದರೆ ಉಳೀದೇ ಗುರುತು ಕಾಣುತ್ತೆ ಮೇಷ್ಟ್ರೇ. ಮಳೆ ಕೆತ್ತಿದ ಕಲ್ಲು ಬೇಕು ನಿಮಗೆ. ಬನ್ನಿ.”

ಗುಡ್ಡದ ಬುಡದಲ್ಲಿದ್ದ ತನ್ನ ಹೊಲದ ಅಂಚಿಗೆ ಕರೆದೊಯ್ದನು. ಉಳುವಾಗ ಎತ್ತಿ ಹಾಕಿದ ಕಲ್ಲುಗಳ ಗುಡ್ಡೆ ಅಲ್ಲಿತ್ತು. ನಮ್ಮ ಕಡೆಯ ಕಲ್ಲಿನಲ್ಲಿ ಬಿಳಿಯ ಮತ್ತು ಕರಿಯ ಪಟ್ಟೆಗಳಿರುವುದನ್ನು ನೀವು ನೋಡಿರಬಹುದು. ಲಾಲ್‌ಬಾಗಿನ ಬಂಡೆಯೂ ಅದೇ ಬಗೆಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕರಿಯ ಪಟ್ಟೆಯಲ್ಲಿ ಅಭ್ರಕದ ಅಂಶ ಹೆಚ್ಚು. ಬಿಸಿಲು ಮಳೆಗಳಿಗೆ ಅದು ಬೇಗ ಸವೆದು ಗಟ್ಟಿಯಾದ ಬಿಳಿಯ ಪಟ್ಟೆ ಏಣಿನಂತೆ ಉಳಿಯುತ್ತದೆ. ನಡುವೆ ತಾನಾಗಿ ಕಾಲುವೆಗಳಾಗುತ್ತವೆ. ಇದು ಪುಸ್ತಕದ ವಿವರಣೆ. ಅವನು ಅದನ್ನು ಹೇಳಲಿಲ್ಲ. ಒಂದು ಕಲ್ಲನ್ನು ಎತ್ತಿ ನಿಲ್ಲಿಸಿ, ಬಾವಿಯಿಂದ ಒಂದು ಚೆಂಬು ನೀರು ತಂದು ಅದರ ನೆತ್ತಿಗೆ ನಿಧಾನವಾಗಿ ಸುರಿದನು. ನೀರು ಒಂದೇ ಕಡೆಗೆ ಹರಿದು ನಡುವಿನಲ್ಲೇ ತೊಟ್ಟಿಕ್ಕಿತು. ಕಲ್ಲನ್ನು ಬುಡಮೇಲು ಮಾಡಿ ಮತ್ತೆ ಸುರಿದನು. ಈ ಸಲ ನೀರು ಐದು ಸೀಳಾಗಿ, ಗೀರುಗಳಲ್ಲಿಯೇ ಹರಿದು ನೆಲ ಮುಟ್ಟಿತು.

“ನೀರು ಇಳಿದ ದಾರೀಲೇ ಬೇರು ಇಳಿಯೋದು” ಎಂದನು. “ಮೇಲೆ ಒಂದು ತಗ್ಗಿದೆ, ಗಿಡ ಕೂರುತ್ತೆ. ಬುಡ ಅಗಲ, ಅಲ್ಲಾಡೋದಿಲ್ಲ. ಬೇಸಿಗೇಲಿ ಮಾತ್ರ ನೆರಳಲ್ಲಿಡಿ. ಕಲ್ಲು ಕಾದರೆ ಎಳೆ ಬೇರು ಸುಟ್ಟುಹೋಗುತ್ತೆ.”

ಕಲ್ಲನ್ನು ಆಟೋರಿಕ್ಷಾದವರೆಗೆ ಅವನೇ ಹೆಗಲ ಮೇಲೆ ಹೊತ್ತು ತಂದನು. ಅಷ್ಟು ಹೊತ್ತೂ ನಾಲಗೆಯ ತುದಿಯಲ್ಲಿ ನಿಂತಿದ್ದ ಮಾತು ಆಗ ಹೊರಬಂತು. “ಅಂದು ತರಗತಿಯಲ್ಲಿ ನಿನಗೆ ಒಂದು ಮಾತು ಅಂದಿದ್ದೆ. ಅದು ತಪ್ಪು ಕಣಪ್ಪ.”

ಅವನು ಕಲ್ಲನ್ನು ಸೀಟಿನ ಕೆಳಗೆ ಉರುಳದಂತೆ ಗೋಣಿಚೀಲ ಒತ್ತಿ ಇಟ್ಟು, ಕೈಯ ಧೂಳು ಕೊಡವಿಕೊಂಡನು. “ನೆನಪಿದೆ ಮೇಷ್ಟ್ರೇ” ಎಂದನು. ಮರೆತಿದ್ದೇನೆ ಎನ್ನಲಿಲ್ಲ; ಪರವಾಗಿಲ್ಲ ಎಂದೂ ಅನ್ನಲಿಲ್ಲ. ಕಲ್ಲಿಗೆ ಎಷ್ಟು ಕೊಡಬೇಕೆಂದರೆ, ಹೊಲದ ಕಲ್ಲಿಗೆ ಬೆಲೆಯಿಲ್ಲವೆಂದು ಹೇಳಿ ಚಪ್ಪರದ ಕಡೆಗೆ ನಡೆದನು.

ಅದೇ ಬಸರಿಯ ಬೇರಿನ ಗಂಟನ್ನು ಬಿಡಿಸಿ ಈ ಕಲ್ಲಿನ ಮೇಲೆ ಕೂರಿಸಿ ಈಗ ನಾಲ್ಕು ವರ್ಷವಾಗಿದೆ. ಒಂದೊಂದು ಗೀರಿಗೆ ಒಂದೊಂದು ಬೇರನ್ನು ಮಲಗಿಸಿದ್ದೆ. ಸೆಣಬಿನ ದಾರ ಎರಡು ಸಲ ಕೊಳೆತು ಹೊಸದಾಗಿ ಸುತ್ತಿದ್ದಾಯಿತು. ಕಳೆದ ಯುಗಾದಿಯ ಮಾರನೆಯ ದಿನ ಅವನು ಯಾವುದೋ ಕೆಲಸಕ್ಕೆ ನಮ್ಮ ಬೀದಿಗೆ ಬಂದವನು ಒಳಗೆ ಬಂದನು. ಮೇಲಿನ ಅರ್ಧದ ಮಣ್ಣನ್ನು ನಾನು ಅಷ್ಟರಲ್ಲಿ ಸರಿಸಿದ್ದೆ, ದಾರವನ್ನೂ ಬಿಚ್ಚಬೇಕೆಂದಿದ್ದೆ. ಅವನು ಕುಕ್ಕರಗಾಲಿನಲ್ಲಿ ಕುಳಿತು, ಚೆಂಬಿನ ನೀರನ್ನು ಸುರಿದು, ಒಂದೊಂದೇ ಬೇರಿನ ಮೇಲೆ ಹೆಬ್ಬೆರಳನ್ನು ಆಡಿಸಿ ನೋಡಿದನು. ನಾಲ್ಕು ಬೇರು ಕೂಡಿಕೊಂಡಿದ್ದುವು. ಗೋಡೆಯ ಕಡೆಗಿದ್ದ ಐದನೆಯದರ ಕೆಳಗೆ ಅವನ ಉಗುರು ಸುಲಭವಾಗಿ ಒಳಸೇರಿತು.

“ಇದಿನ್ನೂ ಹಿಡಿದಿಲ್ಲ. ಇನ್ನೊಂದು ಮಳೆಗಾಲ ಹಾಗೇ ಬಿಡಿ” ಎಂದನು.

ಕಾಫಿ ಕುಡಿದು ಅವನು ಹೊರಟ ಮೇಲೆ, ದಾರವನ್ನು ಬಿಗಿಮಾಡಿ ಆ ಬದಿಗೆ ಮತ್ತೆ ಮಣ್ಣು ಏರಿಸಿದೆ.