ಲಾಡಿಯ ಗಂಟು

ಸಂಸಾರದಲ್ಲಿ ಗಂಟುಗಳಿಗೆ ಕೊರತೆಯಿಲ್ಲ. ಮಾಂಗಲ್ಯಕ್ಕೆ ಹಾಕುವ ಮೂರು ಗಂಟು ಒಂದು ಬಗೆ. ತಿಂಗಳ ಕೊನೆಗೆ ಕರಗಿಹೋಗುವ ಹಣದ ಗಂಟು ಇನ್ನೊಂದು ಬಗೆ. ಆಗ ಯಜಮಾನರ ಹುಬ್ಬುಗಳ ನಡುವೆ ಕಾಣಿಸಿಕೊಳ್ಳುವ ಗಂಟು ಮತ್ತೊಂದು ಬಗೆ. ಇವುಗಳ ವಿಷಯವಾಗಿ ಕವಿಗಳೂ ಕಾದಂಬರಿಕಾರರೂ ಬೇಕಾದಷ್ಟು ಬರೆದಿದ್ದಾರೆ. ಆದರೆ ಸೀರೆಯುಡುವ ಹೆಣ್ಣು ದಿನವೂ ಬೆಳಗ್ಗೆ ಬಾಗಿಲು ಮುಚ್ಚಿಕೊಂಡು, ಉಸಿರನ್ನು ಒಳಕ್ಕೆಳೆದು, ಒಳಲಂಗದ ಲಾಡಿಗೆ ಬಿಗಿಯುವ ಗಂಟಿನ ಮಾತನ್ನು ಯಾರೂ ಎತ್ತುವುದಿಲ್ಲ. ಅದು ಯಾರ ಕಣ್ಣಿಗೂ ಕಾಣದ ಗಂಟು. ಆದರೂ ಸೀರೆಯ ಭಾರವನ್ನೂ ಉಟ್ಟವಳ ಮಾನವನ್ನೂ ಹಿಡಿದು ನಿಲ್ಲಿಸಿರುವುದು ಅದೇ.

ಮೈಸೂರಿನ ಒಂದು ಮನೆಯಲ್ಲಿ ಈ ಗಂಟಿನ ಮಾತನ್ನು ಎತ್ತದೆ ಗತ್ಯಂತರವಿಲ್ಲದಂತಾಯಿತು. ಆ ಮನೆಯ ಅತ್ತೆಗೆ ಎಪ್ಪತ್ತರ ಸಮೀಪದ ವಯಸ್ಸು. ಮದುವೆಯಾದಂದಿನಿಂದ ಅವರು ಸೀರೆಯಲ್ಲದೆ ಬೇರೊಂದನ್ನು ಉಟ್ಟವರಲ್ಲ. ರಾತ್ರಿ ಮಲಗುವಾಗಲೂ ಸೀರೆಯೇ. ಸೊಸೆ ಬ್ಯಾಂಕಿನ ಉದ್ಯೋಗಿ. ಮೊಮ್ಮಗಳು ಕಾಲೇಜಿನ ವಿದ್ಯಾರ್ಥಿನಿ. ಆ ಬೇಸಗೆಯಲ್ಲಿ ಅತ್ತೆಯ ನಡವಳಿಕೆಯಲ್ಲಿ ಏನೋ ವ್ಯತ್ಯಾಸ ಕಾಣಿಸಿತು. ಬಲಮಗ್ಗುಲಿಗೆ ಹೊರಳುವುದನ್ನು ಬಿಟ್ಟರು. ಸಂಜೆಯ ದೇವಸ್ಥಾನ ತಪ್ಪಿತು. ಕೆಲಸದವಳು ಬರುವುದಕ್ಕೆ ಮುಂಚೆಯೇ ಎದ್ದು ತಮ್ಮ ಒಳಲಂಗವನ್ನು ತಾವೇ ಒಗೆದು ಹಿತ್ತಿಲಿನಲ್ಲಿ ಹರವತೊಡಗಿದರು.

ಒಂದು ಭಾನುವಾರ ಸೊಸೆ ಬಟ್ಟೆ ತೆಗೆಯುತ್ತಿದ್ದಾಗ ಆ ಲಂಗದ ನಡುಪಟ್ಟಿಯ ಮೇಲೆ ಒಂದು ಕಲೆ ಕಂಡಿತು. ಉಜ್ಜಿ ಉಜ್ಜಿ ಒಗೆದಿದ್ದರೂ ಹೋಗದೆ ಉಳಿದ ಕಂದು ಬಣ್ಣದ ಕಲೆ.

“ಅತ್ತೆ, ಇದೇನು ರಕ್ತದ ಕಲೆ?”

“ಏನಿಲ್ಲಮ್ಮ. ಲಾಡಿ ಸ್ವಲ್ಪ ಉಜ್ಜಿದೆ, ಅಷ್ಟೆ. ಎಲ್ಲರಿಗೂ ಇದ್ದದ್ದೇ.”

“ಎಷ್ಟು ದಿನದಿಂದ?”

ಉತ್ತರ ಬರಲಿಲ್ಲ. ಬಹಳ ಬಲವಂತದ ಮೇಲೆ ಅತ್ತೆ ಸೆರಗು ಸರಿಸಿ ತೋರಿಸಿದರು. ಸೊಂಟದ ಸುತ್ತ ಬೆರಳಗಲದ ಕಪ್ಪು ಗೆರೆ. ಬಲಗಡೆ, ಗಂಟು ಕೂರುವ ಜಾಗದಲ್ಲಿ, ಹುಣಿಸೇ ಬೀಜದಷ್ಟು ದೊಡ್ಡ ಹುಣ್ಣು. ಐದು ತಿಂಗಳಿನಿಂದ ಅರಿಸಿನ, ಕೊಬ್ಬರಿ ಎಣ್ಣೆ ಎಲ್ಲವೂ ನಡೆದಿತ್ತು. ರಾತ್ರಿಯೆಲ್ಲ ಆರಿಸಿಕೊಂಡದ್ದನ್ನು ಬೆಳಗಿನ ಲಾಡಿ ಮತ್ತೆ ಕೆರೆದು ಹಸಿಮಾಡುತ್ತಿತ್ತು.

“ಐದು ತಿಂಗಳು! ಒಂದು ಮಾತು ಹೇಳಬಾರದಿತ್ತೇ ಅತ್ತೆ?”

“ಏನಂತ ಹೇಳಲಿ? ಲಾಡಿ ಬಿಗಿಯಾಯಿತು ಅಂತ ಮಗನ ಹತ್ತಿರ ಹೇಳೋ ಮಾತೇನಮ್ಮ ಅದು?”

ಅಂದು ರಾತ್ರಿ ಸೊಸೆ ಕನ್ನಡಿಯ ಮುಂದೆ ನಿಂತು ತನ್ನ ಸೊಂಟವನ್ನು ನೋಡಿಕೊಂಡಳು. ಅಲ್ಲಿಯೂ ಗೆರೆಯಿತ್ತು. ಅತ್ತೆಯದಕ್ಕಿಂತ ತಿಳಿ, ಆದರೆ ಅದೇ ಗೆರೆ. ಇಷ್ಟು ವರ್ಷ ಅದನ್ನು ಹುಟ್ಟುಮಚ್ಚೆಯಂತೆ ತನ್ನ ಮೈಗೆ ಸೇರಿದ್ದೆಂದೇ ಅವಳು ಭಾವಿಸಿದ್ದಳು.

ಈ ಗೆರೆಯ ಹಿಂದೆ ಗೂಢವೇನೂ ಇಲ್ಲ. ದಿನವೂ ಒಂದೇ ಜಾಗದಲ್ಲಿ ಹುರಿ ಒತ್ತುತ್ತದೆ. ನಡೆದಾಗ, ಬಗ್ಗಿದಾಗ, ಕುಳಿತಾಗ ಉಜ್ಜುತ್ತದೆ. ಬೆವರು, ಉಪ್ಪು, ಧೂಳು ಅಲ್ಲಿಯೇ ನಿಲ್ಲುತ್ತವೆ. ಚರ್ಮ ಮೊದಲು ಕಪ್ಪಾಗುತ್ತದೆ, ಆಮೇಲೆ ಹೊಟ್ಟೇಳುತ್ತದೆ, ಕೊನೆಗೆ ಬಿರಿಯುತ್ತದೆ. ಬಿರಿದದ್ದು ವಾಸಿಯಾಗುವ ಮೊದಲೇ ಮತ್ತೆ ಗಾಯವಾಗುತ್ತದೆ. ಹೀಗೆ ವರ್ಷಗಟ್ಟಲೆ ಮಾಯದೆ ಉಳಿದ ಹುಣ್ಣು ಅಪರೂಪಕ್ಕೊಮ್ಮೆ ಕ್ಯಾನ್ಸರಿಗೆ ತಿರುಗುವುದುಂಟು. ವೈದ್ಯರು ಇದನ್ನು ಫ್ರೆಂಚ್ ಶಸ್ತ್ರವೈದ್ಯನೊಬ್ಬನ ಹೆಸರಿನಿಂದ ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. ಧೋತರ ಬಿಗಿಯುವ ಸೊಂಟದಲ್ಲಿ ಇಂಥ ಕ್ಯಾನ್ಸರ್ ಬರುವುದನ್ನು ಮುಂಬಯಿಯ ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲಿಯೇ ಬರೆದಿಟ್ಟಿದ್ದರು. 2024ರಲ್ಲಿ ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು ‘ಬಿಎಂಜೆ ಕೇಸ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಇಬ್ಬರು ವೃದ್ಧೆಯರ ವೃತ್ತಾಂತವನ್ನು ಪ್ರಕಟಿಸಿದರು. ಒಬ್ಬಾಕೆಗೆ 70 ವರ್ಷ. ಲಂಗದ ಲಾಡಿ ಬಿಗಿಯುವೆಡೆ 18 ತಿಂಗಳಿನಿಂದ ಹುಣ್ಣು. ಇನ್ನೊಬ್ಬಾಕೆಗೆ ಒಳಲಂಗವೇ ಇರಲಿಲ್ಲ. ಸೊಂಟಕ್ಕೆ ಬಿಗಿದುಡುವ ಲುಗಡವೇ ಸಾಕಾಯಿತು.

ಆದ್ದರಿಂದ ತಪ್ಪನ್ನು ಲಂಗದ ಮೇಲೆ ಮಾತ್ರವೇ ಹೊರಿಸುವಂತಿಲ್ಲ. ಹಾಗೆ ನೋಡಿದರೆ ಸೀರೆಗೆ ಈ ಲಂಗ ಈಚಿನ ನೆಂಟ. 1860ರ ದಶಕದಲ್ಲಿ ಪತಿ ಸತ್ಯೇಂದ್ರನಾಥ ಠಾಕೂರರೊಡನೆ ಮುಂಬಯಿಗೆ ಹೋಗಿದ್ದ ಜ್ಞಾನದಾನಂದಿನೀ ದೇವಿ, ಅಲ್ಲಿಯ ಪಾರ್ಸಿ ಸ್ತ್ರೀಯರ ಉಡುಗೆಯನ್ನು ಕಂಡು, ರವಿಕೆ ಲಂಗಗಳೊಡನೆ ಸೀರೆಯುಡುವ ಕ್ರಮವನ್ನು ಬಂಗಾಳಕ್ಕೆ ಕೊಂಡೊಯ್ದರು. ಮನೆಯ ಹೊಸ್ತಿಲು ದಾಟಬೇಕಾದ ಹೆಣ್ಣಿಗೆ ಆ ಉಡುಗೆ ಧೈರ್ಯ ಕೊಟ್ಟಿತು. ಬಿಗಿಯುವುದು ಮಾತ್ರ ಪೂರ್ವದ ಸೊತ್ತೂ ಅಲ್ಲ, ಪಶ್ಚಿಮದ ಸೊತ್ತೂ ಅಲ್ಲ. ಯುರೋಪಿನ ಸ್ತ್ರೀಯರು ತಿಮಿಂಗಿಲದ ಬಾಯೆಲುಬನ್ನೂ ಉಕ್ಕಿನ ಪಟ್ಟಿಯನ್ನೂ ಹೊಲಿದ ಕಾರ್ಸೆಟ್ಟಿನಲ್ಲಿ ನಡುವನ್ನು ಹಿಂಡಿಕೊಂಡವರೇ. 1881ರಲ್ಲಿ ಲಂಡನ್ನಿನಲ್ಲಿ ಕೆಲವು ಮಹಿಳೆಯರು ‘ರ್‍ಯಾಷನಲ್ ಡ್ರೆಸ್ ಸೊಸೈಟಿ’ ಎಂಬ ಸಂಘವನ್ನೇ ಕಟ್ಟಿ, ಒಳ ಉಡುಪುಗಳ ತೂಕ 7 ಪೌಂಡನ್ನು ಮೀರಬಾರದೆಂದು ವಾದಿಸಬೇಕಾಯಿತು. ಅಂದಮೇಲೆ ಅದಕ್ಕೆ ಮುಂಚೆ ಆ ತಾಯಂದಿರು ಎಷ್ಟು ಹೊತ್ತಿದ್ದರೋ!

ಈ ಕತೆಯನ್ನೆಲ್ಲ ಕೇಳಿ ನಕ್ಕ ಮೊಮ್ಮಗಳಿಗೂ ಬಿಡುಗಡೆಯಿರಲಿಲ್ಲ. ಅವಳು ಜೀನ್ಸ್ ತೊಡುವುದಕ್ಕೆ ಮಂಚದ ಮೇಲೆ ಅಂಗಾತ ಮಲಗಬೇಕು. ಸಂಜೆಯ ವೇಳೆಗೆ ತೊಡೆಯ ಹೊರಮಗ್ಗುಲು ಜುಮುಗುಟ್ಟುತ್ತದೆಂದು ಅವಳು ಆಗಾಗ ಹೇಳುತ್ತಿದ್ದಳು. ನಡುವಿನ ಬಿಗಿ ಅಲ್ಲಿ ಹಾಯುವ ನರವನ್ನು ಅದುಮಿದರೆ ಹಾಗಾಗುವುದುಂಟು. ಬಟ್ಟೆ ಸಡಿಲವಾದರೆ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಸೊಸೆಗೆ ಮಧ್ಯಾಹ್ನದ ಊಟವಾದ ಮೇಲೆ ಎದೆಯುರಿ. ಬಿಗಿದ ನಡು ಹೊಟ್ಟೆಯನ್ನು ಒತ್ತಿ ಆಮ್ಲವನ್ನು ಮೇಲಕ್ಕೆ ನೂಕುವುದೂ ಉಂಟು. ಒಂದೇ ಮನೆಯ ಮೂರು ತಲೆಮಾರಿನ ಮೂವರು ಬಿಗಿಯನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದರು: ಒಬ್ಬರಿಗೆ ಅದು ಮರ್ಯಾದೆ, ಒಬ್ಬಳಿಗೆ ಅಚ್ಚುಕಟ್ಟು, ಇನ್ನೊಬ್ಬಳಿಗೆ ಫ್ಯಾಷನ್.

ಮರುದಿನ ಸೊಸೆ ಬ್ಯಾಂಕಿಗೆ ರಜೆ ಹಾಕಿ ಅತ್ತೆಯನ್ನು ಚರ್ಮವೈದ್ಯೆಯ ಬಳಿಗೆ ಕರೆದೊಯ್ದಳು. ವೈದ್ಯೆ ಹುಣ್ಣಿನ ಅಂಚನ್ನು ಮೆಲ್ಲನೆ ಒತ್ತಿ ನೋಡಿ, ಒಂದು ಚೂರು ಮಾಂಸವನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಫಲಿತಾಂಶಕ್ಕೆ ಒಂದು ವಾರ. ಆ ವಾರ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡಲಿಲ್ಲ. ತಾಯಿಯ ಮುಂದೆ ಲಾಡಿಯ ವಿಷಯವನ್ನು ಎಂದೂ ಆಡಿರದ ಮಗ ಪ್ರತಿದಿನ ಸಂಜೆ ಬಂದು ತಾಯಿಯ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತಿದ್ದ. ಏಳನೆಯ ದಿನ ವರದಿ ಬಂತು. ಕ್ಯಾನ್ಸರ್ ಅಲ್ಲ.

“ಈ ಸಲ ಬಚಾವಾದಿರಿ ಅಮ್ಮ,” ಎಂದರು ವೈದ್ಯೆ. “ಮೂರು ವಾರವಾದರೂ ಮಾಯದ ಹುಣ್ಣನ್ನು ಇನ್ನು ಮೇಲೆ ಮುಚ್ಚಿಡಬೇಡಿ. ಇದು ವಾಸಿಯಾಗುವವರೆಗೆ ನಡುವಿಗೆ ಏನನ್ನೂ ಬಿಗಿಯಬೇಡಿ.”

ಸೊಸೆ ಮನೆಯ ಒಳಲಂಗಗಳನ್ನೆಲ್ಲ ಗಂಟು ಕಟ್ಟಿಕೊಂಡು ದರ್ಜಿಯ ಅಂಗಡಿಗೆ ಹೋದಳು. ಹುರಿಯಂಥ ಲಾಡಿಯನ್ನು ತೆಗೆದು ನಾಲ್ಕು ಬೆರಳಗಲದ ಪಟ್ಟಿ ಇಡಬೇಕು, ಪಕ್ಕದಲ್ಲಿ ಕೊಕ್ಕೆ ಇರಬೇಕು ಎಂದಳು. ಭಾರ ಹರಡಿಕೊಂಡಷ್ಟೂ ಒತ್ತಡ ಕಡಿಮೆ. ತನ್ನ ಲಂಗಕ್ಕೂ ಹಾಗೆಯೇ ಹೊಲಿಸಿಕೊಂಡಳು.

ಅತ್ತೆಗೆ ಎರಡು ತಿಂಗಳು ನೈಟಿಯೇ ಗತಿಯಾಯಿತು. ಮೊದಲ ದಿನ ಅದನ್ನು ತೊಟ್ಟು ಕೋಣೆಯಿಂದ ಹೊರಗೇ ಬರಲಿಲ್ಲ. ಎರಡನೆಯ ದಿನ ಹೆಗಲ ಮೇಲೊಂದು ಟವಲು ಹೊದ್ದು ಅಡಿಗೆಮನೆಯವರೆಗೆ ಬಂದರು. ವಾರದೊಳಗೆ ಹಾಲಿನವನ ಮುಂದೆಯೂ ಧೈರ್ಯವಾಗಿ ನಿಂತರು. “ಹೊಟ್ಟೆ ತುಂಬ ಉಸಿರಾಡಿ ಎಷ್ಟು ಕಾಲವಾಗಿತ್ತೇ!” ಎಂದು ಒಂದು ಸಂಜೆ ಮೊಮ್ಮಗಳೊಡನೆ ಹೇಳಿಕೊಂಡರು.

ಹುಣ್ಣು ಮಾಯಿತು. ಗೆರೆ ಪೂರ್ತಿ ಅಳಿಯಲಿಲ್ಲ. ಶ್ರಾವಣದಲ್ಲಿ ಅವರು ಅಗಲ ಪಟ್ಟಿಯ ಲಂಗದ ಮೇಲೆ ಸೀರೆಯುಟ್ಟು ಮತ್ತೆ ದೇವಸ್ಥಾನಕ್ಕೆ ಹೋದರು. ಮಂಗಳಾರತಿಯಾದ ಮೇಲೆ ಜಗಲಿಯಲ್ಲಿ ಎಂದಿನ ಗೆಳತಿಯರು ಕುಳಿತಿದ್ದರು. ಅವರಲ್ಲಿ ಒಬ್ಬಾಕೆ ಆಗಾಗ ಸೊಂಟದ ಹತ್ತಿರ ಸೀರೆಯನ್ನು ಸರಿಸಿಕೊಳ್ಳುತ್ತಿದ್ದುದು ಇವರ ಕಣ್ಣಿಗೆ ಬಿತ್ತು. ಹತ್ತಿರ ಸರಿದು, ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು:

“ನಾಚಿಕೋಬೇಡ ಕಣೇ. ನಿನಗೂ ಲಾಡಿ ಕಟ್ಟೋ ಜಾಗದಲ್ಲಿ ಗಾಯ ಏನಾದರೂ ಇದೆಯಾ?”