ನಮ್ಮ ಬಾಲಿಕೆಯರು ಆಡಿದ ‘ಹನ್ನೆರಡನೆಯ ರಾತ್ರಿ’

ಈ ಸಲದ ಶಾಲಾ ದಿನೋತ್ಸವಕ್ಕೆ ಷೇಕ್ಸ್‌ಪಿಯರ್ ಮಹಾಕವಿಯ ‘ಹನ್ನೆರಡನೆಯ ರಾತ್ರಿ’ ಎಂಬ ವಿನೋದ ನಾಟಕವನ್ನು ಕನ್ನಡದಲ್ಲಿ ಆಡಿಸತಕ್ಕದ್ದೆಂದು ನಿಶ್ಚಯವಾದಾಗ, ಅದರ ಭಾರವು ಉಪಾಧ್ಯಾಯಿನಿಯರಾದ ನಮ್ಮಿಬ್ಬರ ಮೇಲೆ ಬಿದ್ದಿತು. ಆಟವನ್ನು ಕಣ್ಣಾರೆ ಕಂಡ ಪೋಷಕರಿಗೆ ಅದನ್ನು ಮತ್ತೆ ವರ್ಣಿಸುವುದು ಅನಾವಶ್ಯಕ. ಆದರೆ ದೂರದ ಊರುಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯರು ಅನೇಕರು ತೆರೆಯ ಹಿಂದೆ ಏನೇನು ನಡೆಯಿತೆಂದು ಕೇಳಿರುವುದರಿಂದ, ಏಳು ವಾರಗಳ ಅಭ್ಯಾಸಕಾಲದಲ್ಲಿ ನಾವು ಕಂಡುದನ್ನು ಇಲ್ಲಿ ಬರೆದಿಡುತ್ತೇವೆ.

ಕ್ರಿಸ್ಮಸ್ ಹಬ್ಬದ ಹನ್ನೆರಡು ದಿನಗಳ ಸಂಭ್ರಮವು ಮುಗಿಯುವ ರಾತ್ರಿಯಿಂದ ಈ ನಾಟಕಕ್ಕೆ ಹೆಸರು ಬಂದಿದೆ. 1602ನೆಯ ಫೆಬ್ರವರಿ 2ರಂದು ಲಂಡನ್ನಿನ ಮಿಡಲ್ ಟೆಂಪಲ್ ಎಂಬ ನ್ಯಾಯವಾದಿಗಳ ಸಭಾಭವನದಲ್ಲಿ ಇದನ್ನು ಆಡಿದರೆಂದು ಅಲ್ಲಿಯ ವಿದ್ಯಾರ್ಥಿಯೊಬ್ಬನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹಡಗು ಒಡೆದು ಅವಳಿ ಸೋದರನಿಂದ ಅಗಲಿದ ವಯೋಲಾ ಎಂಬ ಕನ್ಯೆಯು ಇಲಿರಿಯಾ ದೇಶದ ದಡವನ್ನು ಸೇರಿ, ಗಂಡುಡುಗೆಯನ್ನು ತೊಟ್ಟು, ಅಲ್ಲಿಯ ಪ್ರಭುವಾದ ಆರ್ಸಿನೋವಿನ ಸೇವೆಗೆ ನಿಲ್ಲುವಳು. ಪ್ರಭುವಿಗೆ ಒಲಿಯದ ಒಲಿವಿಯಾ ದೇವಿಯು ಅವನ ದೂತನಾಗಿ ಬಂದ ಈ ಹುಸಿ ತರುಣನಿಗೇ ಮನಸೋಲುವಳು. ಸತ್ತನೆಂದು ತಿಳಿದಿದ್ದ ಸೋದರನು ಕೊನೆಗೆ ಬಂದು ಗಂಟೆಲ್ಲವನ್ನೂ ಬಿಡಿಸುವನು. ಇದರ ಮಗ್ಗುಲಲ್ಲಿಯೇ, ಒಲಿವಿಯಾಳ ಮನೆಯ ಪಾರುಪತ್ಯಗಾರನಾದ ಮಾಲ್ವೋಲಿಯೋ ಎಂಬ ಬಿಗುಮಾನದ ಮನುಷ್ಯನನ್ನು ಆ ಮನೆಯವರೇ ಕೂಡಿ ಬೇಸ್ತು ಬೀಳಿಸುವ ಕಥೆಯೊಂದುಂಟು. ಸ್ಯಾಮ್ಯುಯಲ್ ಪೀಪ್ಸ್ ಎಂಬ ದಿನಚರಿಕಾರನು 1661ರಿಂದ 1669ರೊಳಗೆ ಇದನ್ನು ಮೂರು ಸಲ ನೋಡಿ, ಮೂರು ಸಲವೂ ಮೆಚ್ಚಲಿಲ್ಲ. ಮೆಚ್ಚದವನು ಮೂರನೆಯ ಸಲ ಏಕೆ ಹೋದನೋ ನಾವರಿಯೆವು.

ಕವಿಯ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಹುಡುಗರೇ ವಹಿಸುತ್ತಿದ್ದರು. ಇಂಗ್ಲೆಂಡಿನ ವೃತ್ತಿರಂಗಭೂಮಿಯ ಮೇಲೆ ನಟಿಯರು ನಿಂತದ್ದು 1660ರ ಈಚೆಗೆ. ನಮ್ಮಲ್ಲಿ ಅದು ತಿರುವುಮುರುವಾಗಿ, ಪ್ರಭುವೂ ಕುಡುಕನೂ ವಿದೂಷಕನೂ ಬಾಲಿಕೆಯರೇ ಆಗಬೇಕಾಯಿತು. ಗಂಡಸುತನವೆಲ್ಲ ಮೀಸೆಯಲ್ಲಿದೆಯೆಂದು ಮೊದಲ ವಾರದಲ್ಲಿ ಇವರ ನಂಬಿಕೆ. ಆರ್ಸಿನೋ ಪಾತ್ರದವಳು ಎರಡು ಮಾತಿಗೊಮ್ಮೆ ಇಲ್ಲದ ಮೀಸೆಯನ್ನು ತಿರುವುತ್ತಿದ್ದಳು. ಮೀಸೆಗಳನ್ನು ನಾವು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆವು. ಅಣ್ಣನೋ ತಂದೆಯೋ ಮನೆಗೆ ಬಂದವನು ಕುರ್ಚಿಯ ಮೇಲೆ ಹೇಗೆ ಕುಳ್ಳಿರುವನೆಂಬುದನ್ನು ನೋಡಿಕೊಂಡು ಬರಬೇಕೆಂದು ಹೇಳಿದೆವು. ಮರುದಿನ ಹತ್ತೊಂಬತ್ತು ಮಂದಿಯ ತಂದೆಯಂದಿರೂ ಅಣ್ಣಂದಿರೂ ನಮ್ಮ ರಂಗದ ಮೇಲೆ ಬಂದು ಕುಳಿತರು! ತಮ್ಮನ್ನು ಗುರುತಿಸಿಕೊಂಡ ಪೋಷಕರು ಮನ್ನಿಸುವರೆಂದು ನಂಬಿದ್ದೇವೆ.

ಶಾಲೆಯಲ್ಲಿ ಅವಳಿಗಳು ಇರಲಿಲ್ಲ. ವಯೋಲಾಳಿಗಿಂತ ಅವಳ ಸೋದರನು ನಾಲ್ಕು ಬೆರಳು ಕುಳ್ಳು, ಬಣ್ಣವೂ ಬೇರೆ. ಆದರೆ ಒಂದೇ ಟೋಪಿ, ಒಂದೇ ನಡಿಗೆ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವ ಒಂದೇ ರೂಢಿ ಇದ್ದರೆ ನೋಡುವವರು ಅವಳಿಗಳೆಂದೇ ಒಪ್ಪಿಕೊಳ್ಳುವರೆಂದು ಕಂಡುಬಂದಿತು. ಸೋದರನ ಉಡುಗೆಯನ್ನೇ ತಾನು ಅನುಕರಿಸುತ್ತಿರುವುದಾಗಿ ಕವಿಯು ವಯೋಲಾಳ ಬಾಯಲ್ಲಿಯೇ ನುಡಿಸಿದ್ದಾನಷ್ಟೆ.

ಕನ್ನಡಕ್ಕೆ ತರುವಲ್ಲಿ ತೊಡಕುಗಳು ಬೇರೆ ಬಗೆಯವು. ನಮ್ಮ ನುಡಿಯಲ್ಲಿ ಕ್ರಿಯಾಪದವು ವಾಕ್ಯದ ತುದಿಗೆ ಬರುತ್ತದೆ. ಎಳೆಯರ ಧ್ವನಿಯಾದರೋ ವಾಕ್ಯದ ತುದಿಯಲ್ಲಿಯೇ ಕುಗ್ಗುತ್ತದೆ. ಹೀಗಾಗಿ ಒಲಿವಿಯಾ ದೇವಿಯು ಉಂಗುರವನ್ನು ಕೊಟ್ಟಳೋ ಕೊಡಲಿಲ್ಲವೋ ಎಂಬುದು ಮೂರನೆಯ ಸಾಲಿನ ಹಿಂದೆ ಯಾರಿಗೂ ತಿಳಿಯದು. ಎರಡು ವಾರಗಳು ನಾವು ವಾಕ್ಯಗಳ ಬಾಲವನ್ನೇ ಹಿಡಿದು ಎತ್ತಿದೆವು. ಹುಸಿ ಪತ್ರದಲ್ಲಿ ಮಾಲ್ವೋಲಿಯೋವಿನ ಹೆಸರಿನ ಕೆಲವು ಅಕ್ಷರಗಳನ್ನು ಹಿಂದುಮುಂದಾಗಿ ಕೊಟ್ಟು ಅವನನ್ನು ಕಾಡಿಸುವ ಒಗಟೊಂದಿದೆ. ರೋಮನ್ ಲಿಪಿಯ ಆ ಚೇಷ್ಟೆಯು ಕನ್ನಡದಲ್ಲಿ ನಿಲ್ಲದೆಂದು ನಾವು ಕೈಬಿಡುವಷ್ಟರಲ್ಲಿ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ‘ಮಾ, ಯೋ, ಲಿ’ ಎಂದು ಕಪ್ಪುಹಲಗೆಯ ಮೇಲೆ ಬರೆದಳು. ‘ಮಾ’ ಸರಿಯಾಗಿ ಮೊದಲಿಗೆ ಬರುತ್ತದೆ. ಅನಂತರ ತುದಿಯಲ್ಲಿರಬೇಕಾದ ‘ಯೋ’ ನುಗ್ಗಿ ಕೂರುತ್ತದೆ. ಪಾಪ, ಅವನು ಅದನ್ನು ಎಳೆದು ಬಗ್ಗಿಸಿ ತನ್ನ ಹೆಸರಾಗಿಸಿಕೊಳ್ಳುತ್ತಾನೆ. ಮೂಲದ ವಿನೋದವು ಒಂದು ಕಾಳೂ ಸೋರಲಿಲ್ಲ.

ಅದೇ ಪತ್ರದ ಮಾತನ್ನು ನಂಬಿ ಅವನು ಹಳದಿ ಕಾಲುಚೀಲಗಳನ್ನು ತೊಟ್ಟು, ಅವಕ್ಕೆ ಅಡ್ಡಪಟ್ಟಿಗಳನ್ನು ಬಿಗಿದು, ನಗುನಗುತ್ತ ಬರುವನು. ಒಲಿವಿಯಾಳಿಗೆ ಆ ಬಣ್ಣವು ಅಸಹ್ಯ. ಆದರೆ ಅರಿಶಿನವು ಮಂಗಳವಾದ ನಮ್ಮ ನಾಡಿನಲ್ಲಿ ಹಳದಿಯನ್ನು ಕಂಡು ನಗುವವರಾರು? ಬಹಳ ಯೋಚಿಸಿ, ಸೋದರನಿಗಾಗಿ ಶೋಕದಲ್ಲಿರುವ ಒಲಿವಿಯಾಳ ಮನೆಯನ್ನೆಲ್ಲ ಕಪ್ಪು ಬಟ್ಟೆಯಿಂದ ಮುಚ್ಚಿದೆವು. ಆ ದುಃಖದ ಮನೆಯೊಳಕ್ಕೆ ಹಳದಿಯ ಕಾಲುಗಳೆರಡು ನಡೆದುಬಂದಾಗ ಸಭೆಗೆ ಬೇರೆ ವಿವರಣೆಯು ಬೇಕಾಗಲಿಲ್ಲ.

ನಗಿಸಬೇಕೆಂದು ಹೊರಟ ಎಳೆಯರು ನಗಿಸಲಾರರು; ಇದನ್ನು ಅವರಿಗೆ ಬಾಯಿಮಾತಿನಿಂದ ತಿಳಿಸಲಾಗದು. ಇಬ್ಬರು ಹೇಡಿಗಳು ಒಬ್ಬರಿಗೊಬ್ಬರು ಹೆದರುತ್ತ ಕತ್ತಿ ಹಿರಿಯುವ ದೃಶ್ಯದಲ್ಲಿ ಸರ್ ಆಂಡ್ರ್ಯೂ ಪಾತ್ರದವಳು ಮಲೆಯಾಳದ ಮಳೆಯಲ್ಲಿ ಸಿಕ್ಕಿದ ಕೋಳಿಯಂತೆ ನಡುಗುತ್ತಿದ್ದಳು, ಯಾರೂ ನಗಲಿಲ್ಲ. ನಡುಗುವುದನ್ನು ಬಿಟ್ಟು, ಹೆದರಿಕೆಯನ್ನು ಬಚ್ಚಿಡಲು ಯತ್ನಿಸೆಂದು ಹೇಳಿದೆವು. ಅವಳು ಗಂಭೀರಳಾಗಿ ಬಿದಿರಿನ ಕತ್ತಿಯನ್ನು ಎತ್ತಿ, ಒಂದು ಹೆಜ್ಜೆ ಹಿಂದಕ್ಕಿಟ್ಟು, ಆ ಹೆಜ್ಜೆಯನ್ನು ಯಾರಾದರೂ ಕಂಡರೋ ಎಂದು ಓರೆಗಣ್ಣಿನಿಂದ ನೋಡಿದಳು. ಅಡಿಗೆಮನೆಯಿಂದ ನೋಡಲು ಬಂದಿದ್ದ ಆಯಾಗಳು ಹೊಟ್ಟೆ ಹಿಡಿದುಕೊಂಡರು.

ಇನ್ನು ಮಾಲ್ವೋಲಿಯೋವಿನ ವಿಷಯ. ಈ ಪಾತ್ರಕ್ಕೆ ನಾವು ಆರಿಸಿದವಳು ಹತ್ತನೆಯ ತರಗತಿಯ ಮುಖಂಡಿ. ಗದ್ದಲ ಮಾಡಿದವರ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ತಪ್ಪದೆ ಬರೆಯುವವಳು. ಧ್ವನಿಯು ಸ್ಪಷ್ಟವಾಗಿದ್ದುದರಿಂದ ಆರಿಸಿದೆವು. ಆದರೆ ಅವಳು ಬೇಸ್ತು ಬಿದ್ದಾಗಲೆಲ್ಲ ಪಕ್ಕದಲ್ಲಿ ನಿಂತವರ ನಗೆಯು ಮಾಲ್ವೋಲಿಯೋವಿಗೆ ಸಲ್ಲತಕ್ಕುದಕ್ಕಿಂತ ಒಂದು ಪಾಲು ಹೆಚ್ಚಾಗಿಯೇ ಇತ್ತು. ಅದು ಅವಳಿಗೂ ತಿಳಿದಿತ್ತು. ಒಂದು ದಿನವೂ ಆಡಿ ತೋರಿಸಲಿಲ್ಲ. ವಸತಿಗೃಹದಲ್ಲಿ ಬೆಳೆದ ಹಳೆಯ ವಿದ್ಯಾರ್ಥಿನಿಯರಿಗೆ ಹುಸಿ ಪತ್ರವೆಂದರೇನೆಂದು ನಾವು ವಿವರಿಸಬೇಕಾಗಿಲ್ಲ: ಇನ್ನೊಬ್ಬರ ಕೈಬರಹವನ್ನು ಕಲಿಯುವುದು, ದಿಂಬಿನ ಕೆಳಗಿಡುವುದು, ಬಾಗಿಲ ಸಂದಿನಿಂದ ನೋಡುವುದು. ಈಗ ಆ ಪತ್ರವು ಕೈಯೊಳಗಿನ ದೂರವಾಣಿಯಲ್ಲಿ ಬರುತ್ತದೆ. ಓದಿದವಳ ಮುಖವು ಮಾತ್ರ ಹಿಂದಿನಂತೆಯೇ ಬಾಡುತ್ತದೆ.

ನಾಲ್ಕನೆಯ ಅಂಕದಲ್ಲಿ ಮಾಲ್ವೋಲಿಯೋವನ್ನು ಹುಚ್ಚನೆಂದು ಸಾರಿ ಕತ್ತಲಕೋಣೆಯಲ್ಲಿ ಕೂಡುವರು. ವಿದೂಷಕನು ಪಾದ್ರಿಯ ನಿಲುವಂಗಿಯನ್ನು ತೊಟ್ಟು ಬಂದು ಅವನನ್ನು ಇನ್ನಷ್ಟು ಗೋಳಾಡಿಸುವನು. ರಂಗದ ಪಕ್ಕದ ಆಟದ ಸಾಮಾನಿನ ಕೊಠಡಿಯನ್ನೇ ಸೆರೆಮನೆಯಾಗಿ ಮಾಡಿದ್ದೆವು. ಮೊದಲ ದಿನ ಆ ಹುಡುಗಿಯು ಒಳಗೆ ಕುಳಿತು, ಕೂಗದೆ, ಅಳದೆ, ಒಂದು ಮೇಣದ ಬತ್ತಿ, ಲೇಖನಿ, ಶಾಯಿ, ಕಾಗದ ಇವನ್ನು ತಂದುಕೊಡಬೇಕೆಂದು ಕೇಳಿದಳು. ತನಗೆ ಹುಚ್ಚಿಲ್ಲವೆಂದು ತಗ್ಗಿದ ಧ್ವನಿಯಲ್ಲಿ ಹೇಳಿದಳು. ವಿದೂಷಕಿಯು ಮುಂದಿನ ಮಾತನ್ನು ಮರೆತು ನಿಂತಳು. ಯಾರೂ ನೆನಪು ಮಾಡಿಕೊಡಲಿಲ್ಲ. ಅಂದಿನ ಅಭ್ಯಾಸವು ಅಷ್ಟಕ್ಕೇ ನಿಂತಿತು.

ಕಾಲಾವಕಾಶವು 105 ನಿಮಿಷ ಮಾತ್ರ; ಈ ದೃಶ್ಯವನ್ನು ತೆಗೆದುಬಿಟ್ಟರೆ ಹನ್ನೆರಡು ನಿಮಿಷ ಉಳಿಯುತ್ತದೆಂದು ಸೂಚನೆಯು ಬಂದಿತು. ಬಾಲಿಕೆಯರನ್ನೇ ಕೇಳಿದೆವು. ಪತ್ರವನ್ನು ಬರೆಯುವ ಮರಿಯಾ ಪಾತ್ರದವಳು, ದೃಶ್ಯದ ಮಾತನ್ನು ಬಿಟ್ಟು, “ಕೊನೆಯ ಅಂಕದಲ್ಲಿ ನಾನೇಕೆ ಬರುವುದಿಲ್ಲ? ಅವನ ಕ್ಷಮೆ ಕೇಳುವುದಿಲ್ಲವೆ?” ಎಂದಳು. ಪುಸ್ತಕವನ್ನು ತೆರೆದು ನೋಡಿದೆವು. ನಿಜವೇ, ಐದನೆಯ ಅಂಕದಲ್ಲಿ ಮರಿಯಾ ಕಾಲಿಡುವುದಿಲ್ಲ. ತಪ್ಪನ್ನು ಒಪ್ಪಿಕೊಳ್ಳುವವನು ಫೇಬಿಯನ್. ಸರ್ ಟೋಬಿಯು ಅವಳನ್ನು ಮದುವೆಯಾದನೆಂಬ ಸುದ್ದಿಯೂ ಅವನ ಬಾಯಿಂದಲೇ.

ವಯೋಲಾ ಪಾತ್ರದವಳಿಗೆ ಬೇರೆ ಚಿಂತೆ. ಕೊನೆಯಲ್ಲಿ ಅವಳು ಹೆಣ್ಣುಡುಗೆಯಲ್ಲಿ ನಿಲ್ಲುವಳೆಂದು ಅವಳ ತಾಯಿಯವರು ನೀಲಿ ಬಣ್ಣದ ನಿಲುವಂಗಿಯೊಂದನ್ನು ಆಗಲೇ ಹೊಲಿಸಿಬಿಟ್ಟಿದ್ದರು. ಯಾವ ಸಾಲಿನಲ್ಲಿ ಉಡುಗೆ ಬದಲಿಸಬೇಕೆಂದು ಹುಡುಕುತ್ತ ಹೋದವಳು ನಾವು ಓದಿಯೂ ಲಕ್ಷಿಸದೆ ಇದ್ದುದನ್ನು ಬೆರಳಿಟ್ಟು ತೋರಿಸಿದಳು. ಅವಳ ಉಡುಗೆಗಳು ಹಡಗಿನ ಕಪ್ತಾನನ ಬಳಿಯಲ್ಲಿವೆ. ಆ ಕಪ್ತಾನನು ಮಾಲ್ವೋಲಿಯೋ ಹೂಡಿದ ವ್ಯಾಜ್ಯದಿಂದ ಸೆರೆಯಲ್ಲಿದ್ದಾನೆ. ಮಾಲ್ವೋಲಿಯೋವಾದರೋ ಎಲ್ಲರ ಮೇಲೆಯೂ ಸೇಡು ತೀರಿಸಿಕೊಳ್ಳುವೆನೆಂದು ಶಪಥಮಾಡಿ ಹೊರಟುಹೋಗಿದ್ದಾನೆ. ಹಾಗಾದರೆ ಅವನನ್ನು ಮರಳಿ ಕರೆತಂದು ಸಮಾಧಾನಪಡಿಸುವವರೆಗೆ ವಯೋಲಾ ಮದುಮಗಳ ಉಡುಗೆಯನ್ನು ತೊಡುವಂತಿಲ್ಲ! ಅವನನ್ನು ಹಿಂಬಾಲಿಸಿ ಸಂಧಿಗೆ ಒಪ್ಪಿಸಿರೆಂದು ಆರ್ಸಿನೋ ಅಪ್ಪಣೆಕೊಡುತ್ತಾನೆ. ಹೋದವರು ಮರಳಿದರೆಂದು ನಾಟಕದಲ್ಲಿ ಎಲ್ಲಿಯೂ ಇಲ್ಲ.

ಬಾಲಿಕೆಯರು ಬಹಳ ಹೊತ್ತು ವಾದಿಸಿದರು. ಕತ್ತಲಕೋಣೆಯನ್ನು ತೆಗೆದರೆ ಪತ್ರದ ಆಟವು ಬರಿಯ ಹುಡುಗಾಟವಾಗಿ ಉಳಿಯುವುದೆಂದು ಹೇಳಿದವಳು ಮರಿಯಾ ಪಾತ್ರದವಳೇ. ಮುಖಂಡಿಯು ಏನೂ ಹೇಳಲಿಲ್ಲ. ತನ್ನ ಮಾತುಗಳಲ್ಲಿ ಆರು ಸಾಲುಗಳನ್ನು ತಾನಾಗಿ ಬಿಟ್ಟುಕೊಟ್ಟಳು. ದೃಶ್ಯವು ಉಳಿಯಿತು, ನೀಲಿ ನಿಲುವಂಗಿಯು ಪೆಟ್ಟಿಗೆಯಲ್ಲಿಯೇ ಉಳಿಯಿತು. ತಾಯಿಯವರಿಗೆ ಇದನ್ನು ತಿಳಿಸುವ ಕಾರ್ಯವು ನಾಟಕವನ್ನು ಆಡಿಸುವುದಕ್ಕಿಂತ ಕಠಿನವಾಗಿತ್ತು.

ಆಟದ ರಾತ್ರಿ ಮೀಸೆಯೊಂದು ಕಳಚಿದುದನ್ನೂ, ಎರಡನೆಯ ಅಂಕದಲ್ಲಿ ದೀಪವು ಐದು ನಿಮಿಷ ಆರಿದುದನ್ನೂ ಎಲ್ಲರೂ ಬಲ್ಲರು. ಹಳದಿ ಕಾಲುಚೀಲಗಳಿಗೆ ಸಭೆಯು ಗೊಳ್ಳೆಂದಿತು. ಕತ್ತಲಕೋಣೆಯೊಳಗಿಂದ ಮೇಣದ ಬತ್ತಿಯನ್ನು ಬೇಡಿದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಚಿಕ್ಕ ತರಗತಿಯವರು ನಗುವುದನ್ನು ನಿಲ್ಲಿಸಿ ದೊಡ್ಡವರ ಮುಖವನ್ನು ನೋಡಿದರು. ಕೊನೆಯಲ್ಲಿ ಪ್ರಭುವಿನ ಅಪ್ಪಣೆಯಾದೊಡನೆ, ಆರನೆಯ ತರಗತಿಯ ಪುಟ್ಟ ಸೇವಕನೊಬ್ಬನು ಲಾಂದ್ರವನ್ನು ಹಿಡಿದು, ಸಭೆಯ ನಡುವಣ ದಾರಿಯಲ್ಲಿ ಓಡಿ ಹೊರಗಿನ ಕತ್ತಲೆಗೆ ಇಳಿದನು. ವಿದೂಷಕನ ಹಾಡು ಮುಗಿದು ತೆರೆಬಿದ್ದರೂ ಅವನು ಬರಲಿಲ್ಲ.

ಜನರು ಚದರುತ್ತಿರುವಾಗ ಆ ಲಾಂದ್ರದ ಹುಡುಗಿಯು ಬಾಗಿಲ ಬಳಿ ಕಾಣಿಸಿಕೊಂಡಳು. ವೃದ್ಧರಾದ ಪೋಷಕರೊಬ್ಬರು ಅವಳನ್ನು ತಡೆದು, “ಅವನು ಸಿಕ್ಕಿದನೇನಮ್ಮ?” ಎಂದು ಕೇಳಿದರು. ಅವಳು ಉಸಿರು ಸುಧಾರಿಸಿಕೊಂಡು, “ಸಿಕ್ಕಿದರು, ತಾತ. ಒಂಬತ್ತನೆಯ ತರಗತಿಯ ಕೊಠಡಿಯಲ್ಲಿ ಮರಿಯಾ ಅಕ್ಕನ ಜೊತೆಗೆ ಉಪ್ಪಿಟ್ಟು ತಿನ್ನುತ್ತಿದ್ದಾರೆ,” ಎಂದಳು.